ಬೆರಳ ತುದಿಯ ಭಾರ

ಹ್ಯೂಸ್ಟನ್
ಗುರುವಾರ, 16 ಮಾರ್ಚ್ 2023

ಗೋಡೆಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಸಲಿಗೆ ನನಗಿನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಈ ತಿಂಗಳು ಮೂರು ಸಲ ಫೋನ್ ಮಾಡಿದೆ. ನೀನು ‘ಹಲೋ’ ಅಂದ ಕೂಡಲೇ ಇಟ್ಟುಬಿಟ್ಟೆ. ಇವತ್ತು ಗುರುವಾರ ಎಂದು ನೆನಪಾಗಿ ಕಾಗದ ಹಿಡಿದು ಕೂತಿದ್ದೇನೆ.

ಶುಕ್ರವಾರದ ಫುಟ್‌ಬಾಲ್ ಪಂದ್ಯದ ಹಿಂದಿನ ದಿನ ಕೋಚ್ ಲವೆಲ್ ನಮ್ಮೆಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಒಂದೊಂದು ಹಾಳೆ ಕೊಡುತ್ತಿದ್ದರಲ್ಲ. “ತಂಡದಲ್ಲಿ ಒಬ್ಬನಿಗೆ ಕಾಗದ ಬರೀರಿ. ಬಾಯಲ್ಲಿ ಹೇಳೋಕೆ ನಾಚ್ಕೆ ಆಗೋದನ್ನ ಬರೀರಿ. ಬರೆದು ಅವನ ಬೀರುಗೆ ಹಾಕಿ, ಆಮೇಲೆ ಮನೆಗೆ ಹೋಗಿ ತಿಂದು ಮಲ್ಕೊಳ್ಳಿ.” ಶಾಲೆಯ ನಾಲ್ಕು ವರ್ಷವೂ ನಾನು ನಿನಗೆ ಬರೆದೆ, ನೀನು ನನಗೆ ಬರೆದೆ. ನಾನು ಎರಡು ಪುಟ ಗೀಚಿದರೆ ನೀನು ‘ನಾಳೆ ಬೀಳಬೇಡ, ಬಾತುಕೋಳಿ’ ಎಂದಷ್ಟೇ ಬರೆಯುತ್ತಿದ್ದೆ. ಅವೆಲ್ಲ ಇನ್ನೂ ನನ್ನ ಹತ್ತಿರ ಇವೆ.

ಹೋದ ತಿಂಗಳು ಕೋಚ್ ಅವರ ಮಣ್ಣಿಗೆ ನೀನು ಬರಲಿಲ್ಲ. ಲಾರ್ಕಿನ್‌ನಲ್ಲೇ, ಚರ್ಚಿನಿಂದ ನಾಲ್ಕು ಬೀದಿ ಆಚೆ ಇರುವವನು ನೀನು. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದರು. ಮಿಸ್ ವರ್ಲೀನ್ ಗಂಡನ ಪೆಟ್ಟಿಗೆಯೆದುರು ಮುಂದಿನ ಸಾಲಿನಲ್ಲಿ ಕೂತು ತಮ್ಮ ಪಕ್ಕದ ಜಾಗವನ್ನು ಪರ್ಸು ಇಟ್ಟು ಹಿಡಿದಿದ್ದರು. ಕೊನೆಯವರೆಗೂ ಅಲ್ಲಿ ಯಾರೂ ಕೂರಲಿಲ್ಲ.

ಹೊಸ ಪಾದ್ರಿ ಎದ್ದು ನಿಂತು, “ಸೋದರ ಹೊರೇಸ್ ಲವೆಲ್ ತೂಕದ ಮನುಷ್ಯ, ಮಿತಭಾಷಿ” ಎಂದರು. ನಮ್ಮ ಕಾಲದ ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಕೋಚ್ ಮಿತಭಾಷಿಯೇ? ಅಭ್ಯಾಸ ಮುಗಿದು ಬೆಳಕು ಹೋದ ಮೇಲೂ ಗೇಟಿಗೆ ಒರಗಿಕೊಂಡು ಮಾತಾಡುತ್ತಿದ್ದವರು. ಅಂಗಡಿಗೆ ಹಾಲಿಗೆ ಕಳಿಸಿದರೆ ಕತ್ತಲಾದ ಮೇಲೆ ಬರುತ್ತಿದ್ದವರು. ಹಿಂದಿನ ಸಾಲಿನಲ್ಲಿ ಯಾರೋ “ತಪ್ಪು ಹೆಣಕ್ಕೆ ಬಂದ್ವಾ?” ಎಂದು ಪಿಸುಗುಟ್ಟಿದರು. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ.

ಇನ್ನೊಂದು ವಿಷಯ. ಅಕ್ಟೋಬರಿನಲ್ಲಿ, ಹಳಬರೆಲ್ಲ ಊರಿಗೆ ಬರುವ ಪಂದ್ಯದ ದಿನ, ಶಾಲೆಯವರು ನನ್ನ ತೊಂಬತ್ತೊಂದನೇ ನಂಬರಿನ ಅಂಗಿಯನ್ನು ಗೋಡೆಗೆ ತೂಗುಹಾಕುತ್ತಾರಂತೆ. ಇನ್ನು ಆ ನಂಬರನ್ನು ಯಾರಿಗೂ ಕೊಡುವುದಿಲ್ಲವಂತೆ. ಫಲಕ ಆಗಲೇ ಕೆತ್ತಿಸಿದ್ದಾರೆ: ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗಿನಲ್ಲಿ ಹನ್ನೊಂದು ವರ್ಷ, ಚೆಂಡೆಸೆಯುವವನನ್ನು ಎಪ್ಪತ್ತನಾಲ್ಕು ಸಲ ಕೆಡವಿದ ಓರಿನ್ ಬ್ಯಾಟಿಸ್ಟ್. ನನ್ನನ್ನು ಜನರ ಮುಂದೆ ಕರೆದು ನಿಲ್ಲಿಸುವವರು ಯಾರು ಎಂದು ಕೇಳಿದಾಗ ಮಿಸ್ ವರ್ಲೀನ್ ನಿನ್ನ ಹೆಸರು ಹೇಳಿದ್ದಾರೆ.

ನೀನು ಒಪ್ಪಿಕೊಳ್ಳುವ ಮುಂಚೆ ನಾನು ನಿನಗೆ ಹೇಳಬೇಕಾದ ಮಾತೊಂದಿದೆ. ಈ ಕಾಗದದಲ್ಲೇ ಹೇಳಬೇಕೆಂದು ಕೂತೆ. ಪುಟ ಮುಗಿಯಿತು, ಧೈರ್ಯ ಬರಲಿಲ್ಲ.

ನಿನ್ನ
ಓರಿನ್

*

ಲಾರ್ಕಿನ್
2 ಏಪ್ರಿಲ್ 2023

ಬಾತುಕೋಳಿ,

ಫೋನ್ ಮೇಲೆ ನಂಬರು ಬರುತ್ತದೆ ಕಣೋ, ಪೆದ್ದ. ಮೂರು ಸಲವೂ ನೀನೇ ಎಂದು ಗೊತ್ತಿತ್ತು. ಸಾಲ ಕೇಳುವುದಕ್ಕೇನೋ ಅಂದುಕೊಂಡೆ. ಆಮೇಲೆ ನಿನ್ನ ಹತ್ತಿರ ನನಗಿಂತ ಜಾಸ್ತಿ ದುಡ್ಡಿದೆ ಎಂದು ನೆನಪಾಯಿತು.

ನಾನು ಚೆನ್ನಾಗಿದ್ದೇನೆ. ರಿಫೈನರಿಯಲ್ಲಿ ಹಗಲು ಪಾಳಿ. ಸಂಜೆ ಶಾಲೆಯ ತಂಡದ ಹುಡುಗರಿಗೆ ಎದುರಾಳಿಯನ್ನು ತಡೆಯುವ ಸಾಲಿನಲ್ಲಿ ನಿಲ್ಲುವುದನ್ನು ಕಲಿಸುತ್ತೇನೆ. ಮೊದಲ ದಿನವೇ ಅಮ್ಮನ ಬೇಕಿಂಗ್ ತಟ್ಟೆಯಲ್ಲಿ ಹಿಟ್ಟು ಹರಡಿ ಅದರ ಮೇಲೆ ಕೈಯೂರಿ ಬಗ್ಗಿ ನಿಲ್ಲಿಸುತ್ತೇನೆ. ಓಟಕ್ಕೊಂದು ಸಲ, ಎಸೆತಕ್ಕೊಂದು ಸಲ. ಎರಡು ಸಲವೂ ಹಿಟ್ಟಿನಲ್ಲಿ ಬೆರಳ ಗುಳಿ ಒಂದೇ ಆಳ ಇರಬೇಕು. ಇಲ್ಲದಿದ್ದರೆ ಮತ್ತೆ ಮಾಡಿಸುತ್ತೇನೆ. ಹುಡುಗರು ನನ್ನನ್ನು ‘ರೊಟ್ಟಿಯಜ್ಜಿ’ ಎನ್ನುತ್ತಾರೆ. ಅನ್ನಲಿ. ನನ್ನ ಗತಿ ಅವರಿಗೆ ಬರುವುದು ಬೇಡ.

ಮಣ್ಣಿಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ, ದೊಡ್ಡ ಲೀಗಿನಲ್ಲಿ ನಿನ್ನ ತಂಡವೂ ನನ್ನ ತಂಡವೂ ಎದುರಾದ ಆ ನವೆಂಬರ್ ಭಾನುವಾರ ನೀನು ನನ್ನನ್ನು ದಾಟಿ ನಾಲ್ಕು ಸಲ ಒಳಗೆ ನುಗ್ಗಿದೆ. ನಾಲ್ಕನೆಯದಕ್ಕೆ ಚೆಂಡೆಸೆಯುವ ನಮ್ಮ ಕ್ವಾರ್ಟರ್‌ಬ್ಯಾಕ್‌ನ ಹೆಗಲ ಮೂಳೆ ಮುರಿಯಿತು. ಮಂಗಳವಾರ ನನ್ನನ್ನು ತಂಡದಿಂದ ಕಳಿಸಿದರು. ಮಾರನೆಯ ವಸಂತದಲ್ಲಿ ಇನ್ನೊಂದು ತಂಡದವರು ಪರೀಕ್ಷೆಗೆ ಕರೆದಿದ್ದರು. ಅಲ್ಲಿ ನಿನ್ನ ತಂಡ ಬಿಟ್ಟು ಬಂದಿದ್ದವನೊಬ್ಬ ಸಿಕ್ಕಿ, “ನಿನ್ನ ಕೈ ನೋಡಿದ್ರೆ ಸಾಕಿತ್ತು ಕಣಯ್ಯ, ಓಟವೋ ಎಸೆತವೋ ನಮಗೆಲ್ಲ ಮೊದ್ಲೇ ಗೊತ್ತಾಗ್ತಿತ್ತು. ನಿಮ್ಮೂರಿನೋರೇ ಯಾರೋ ಹೇಳಿದ್ದಂತೆ” ಅಂದ. ಆ ವಾರ ನಿನ್ನ ಊರಿಗೆ ಅತಿಥಿಯಾಗಿ ಹೋಗಿದ್ದವರು ಯಾರು? ನಿಮ್ಮ ತಂಡದ ಲೈನ್ ಕೋಚಿನ ಪಕ್ಕ ನಿಂತು ನಗುತ್ತ ನಮ್ಮೂರ ಪತ್ರಿಕೆಯಲ್ಲಿ ಫೋಟೊ ಹಾಕಿಸಿಕೊಂಡವರು ಯಾರು? ಬಾಯಿಗೆ ಬೀಗವಿಲ್ಲದವರು ಯಾರು?

ಒಂದು ಗಳಿಗೆ ನಿನ್ನ ಮೇಲೂ ಅನುಮಾನ ಬಂತು. ಸುಳ್ಳು ಹೇಳುವುದಿಲ್ಲ. ಆದರೆ ನೀನು ನನ್ನಮ್ಮನ ಅಡುಗೆಮನೆಯಲ್ಲಿ ಬೆಳೆದವನು. ಅದೂ ಅಲ್ಲದೆ ಕೋಚ್ ತಾವೇ ನನ್ನ ಬಾಗಿಲಿಗೆ ಬಂದು ಒಪ್ಪಿಕೊಂಡರು. ಅವತ್ತಿನಿಂದ ಅವರ ಮುಖ ನೋಡಲಿಲ್ಲ. ಪ್ರತಿ ಆಗಸ್ಟಿನಲ್ಲಿ ಮೆಟ್ಟಿಲ ಮೇಲೆ ಒಂದು ಬಾಟಲಿ ಅಂಜೂರದ ಮುರಬ್ಬ ಇಟ್ಟು ಹೋಗುತ್ತಿದ್ದರು. ಒಂದನ್ನೂ ತೆರೆಯಲಿಲ್ಲ.

ನಿನ್ನನ್ನು ಕರೆದು ನಿಲ್ಲಿಸುವುದಕ್ಕೆ ನಾನು ತಯಾರು. ಅದೇನೋ ಹೇಳಬೇಕು ಅಂದೆಯಲ್ಲ, ಹೇಳು.

ವೆಂಡೆಲ್

*

ಹ್ಯೂಸ್ಟನ್
ಗುರುವಾರ, 20 ಏಪ್ರಿಲ್ 2023

ವೆಂಡೆಲ್,

ನಿನ್ನ ಕೈಯ ವಿಷಯ ಹೇಳಿದವನು ನಾನು.

ಈ ಸಾಲು ಬರೆದು ಎದ್ದು ಹೋಗಿ ಹುಲ್ಲು ಕತ್ತರಿಸಿ ಬಂದೆ. ಅರ್ಧ ಅಂಗಳ ಬಿಟ್ಟು ಬಂದಿದ್ದೇನೆ. ಈಗ ಪೂರ್ತಿ ಬರೆಯುತ್ತೇನೆ.

ಹದಿನೈದನೇ ವಯಸ್ಸಿನಿಂದ ನನಗೆ ಗೊತ್ತಿತ್ತು. ಅಭ್ಯಾಸದಲ್ಲಿ ದಿನಾ ನೀನು ನನ್ನ ಎದುರೇ ಎಡಗೈ ಊರಿ ಬಗ್ಗಿ ನಿಲ್ಲುತ್ತಿದ್ದೆ. ಚೆಂಡು ಹಿಡಿದು ಓಡುವ ಆಟವಾದರೆ ನೀನು ಮುಂದಕ್ಕೆ ನುಗ್ಗಬೇಕು. ಮೈಭಾರವೆಲ್ಲ ಬೆರಳ ಮೇಲೆ ಬಿದ್ದು ಉಗುರುಗಳು ಬೆಳ್ಳಗಾಗುತ್ತಿದ್ದವು. ಚೆಂಡೆಸೆಯುವ ಆಟವಾದರೆ ನೀನು ಹಿಂದಕ್ಕೆ ಸರಿದು ನನ್ನನ್ನು ತಡೆಯಬೇಕು. ಆಗ ಬೆರಳು ನೆಲವನ್ನು ಸುಮ್ಮನೆ ಮುಟ್ಟಿರುತ್ತಿತ್ತು, ಉಗುರಿನ ಬಣ್ಣ ಇದ್ದಂತೆಯೇ ಇರುತ್ತಿತ್ತು. ಇಷ್ಟು ಸಣ್ಣದು. ಮೂಗಿನ ಮುಂದೆ ನಿಂತವನಿಗೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಅರ್ಧ ಕ್ಷಣ ಮೊದಲೇ ಗೊತ್ತಾದರೆ ನಮ್ಮ ಕೆಲಸದಲ್ಲಿ ಇನ್ನೇನು ಬೇಕು?

ಕೋಚ್ ಅವರ ಕಣ್ಣಿಗೂ ಬಿದ್ದಿತ್ತು. ಒಂದು ದಿನ ನನ್ನನ್ನು ಬದಿಗೆ ಕರೆದರು. “ಅವನ ಉಗುರು ನಿನಗೆ ಕಾಣ್ತಿದೆ ಅಂತ ನನಗ್ಗೊತ್ತು. ನೀನೇ ಹೇಳು ಅವನಿಗೆ. ನಾನು ಹೇಳಿದ್ರೆ ವಾರಗಟ್ಲೆ ಮುಖ ಊದಿಸ್ಕೋತಾನೆ, ನೀನು ಹೇಳಿದ್ರೆ ನಕ್ಕು ಸರಿ ಮಾಡ್ಕೋತಾನೆ.” ನಾನು “ಹೇಳ್ತೀನಿ ಕೋಚ್” ಅಂದೆ. ತಿಂಗಳಾದ ಮೇಲೆ “ಹೇಳಿದ್ಯಾ?” ಎಂದು ಕೇಳಿದರು. “ಹೇಳಿದೆ” ಅಂದೆ.

ಯಾಕೆ ಹೇಳಲಿಲ್ಲ ಗೊತ್ತಾ? ಕಾಲೇಜುಗಳಿಂದ ಆಟಗಾರರನ್ನು ಹುಡುಕುವವರು ಬರುತ್ತಿದ್ದದ್ದು ನಿನ್ನನ್ನು ನೋಡಲು. ಇಡೀ ಟೆಕ್ಸಾಸಿನಲ್ಲೇ ನಿನ್ನಂಥ ಆಳಿಲ್ಲ ಎಂದು ಬರುತ್ತಿದ್ದರು. ಬಂದವರ ಮುಂದೆ ನಾನು ನಿನ್ನನ್ನು ದಾಟಿ ಹೋಗುತ್ತಿದ್ದೆ. “ವೆಂಡೆಲ್ ಗಿಲ್ರಿಯನ್ನ ದಾಟಿದ ಆ ಹುಡುಗ ಯಾರು?” ಎಂದು ಅವರು ಕೇಳುತ್ತಿದ್ದರು. ನನಗೆ ಕಾಲೇಜಿನಲ್ಲಿ ಜಾಗ ಸಿಕ್ಕಿದ್ದು ಹಾಗೆ. ನಿನ್ನ ಅಮ್ಮ ನಮ್ಮಿಬ್ಬರಿಗೂ ಒಂದೇ ದಿನ ಕೇಕ್ ಮಾಡಿದ್ದರು.

ಆಮೇಲೆ ಆ ನವೆಂಬರ್. ದೊಡ್ಡ ಲೀಗಿನಲ್ಲಿ ನನಗೆ ನಾಲ್ಕನೇ ವರ್ಷ. ಆ ವರ್ಷ ಆಗಿನವರೆಗೆ ಎರಡೇ ಸಲ ಕೆಡವಿದ್ದೆ. ನನ್ನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದ. ಬುಧವಾರ ಬೆಳಿಗ್ಗೆ ನಮ್ಮ ಲೈನಿನವರಷ್ಟೇ ಕೂತು ನಿಮ್ಮ ಪಂದ್ಯಗಳ ಚಿತ್ರ ನೋಡುತ್ತಿದ್ದೆವು. ನಮ್ಮ ಲೈನ್ ಕೋಚ್ ನಿನ್ನನ್ನು ತೋರಿಸಿ, “ಇವನನ್ನ ಹೇಗೆ ದಾಟ್ತೀರಿ?” ಅಂದರು. ನಾನು ಎದ್ದು ಹೋಗಿ ಪರದೆಯ ಮೇಲೆ ನಿನ್ನ ಎಡಗೈಗೆ ಬೆರಳಿಟ್ಟೆ.

ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ನೀನು ನನ್ನನ್ನು ತಬ್ಬಿ, “ಇವತ್ತು ನಿನಗೇನಾಗಿತ್ತೋ, ದೆವ್ವ ಹಿಡಿದಿತ್ತಾ?” ಅಂದೆ. ನಾನು “ಅದೃಷ್ಟ ಕಣೋ” ಅಂದೆ. ಆ ಮಾತು ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಎಪ್ಪತ್ತನಾಲ್ಕರಲ್ಲಿ ಆ ನಾಲ್ಕನ್ನು ಕಳೆದುಬಿಡಿ ಎಂದು ಶಾಲೆಯವರಿಗೆ ಹೇಗೆ ಹೇಳಲಿ?

ಬಾಯಿಗೆ ಬಂದಂತೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಓರಿನ್

*

ಲಾರ್ಕಿನ್
11 ಜೂನ್ 2023

ಓರಿನ್,

ಏಳು ವಾರ ನಿನ್ನ ಕಾಗದ ನನ್ನ ಗಾಡಿಯಲ್ಲೇ ಇತ್ತು. ಬಿಸಿಲಿಗೆ ಅಂಚು ಹಳದಿಯಾಗಿದೆ. ಓದಿದ ದಿನ ಹಿಟ್ಟಿನ ತಟ್ಟೆಯನ್ನು ಬೇಲಿಯಾಚೆ ಎಸೆದೆ. ಆಮೇಲೆ ಹೋಗಿ ಹುಡುಕಿ ತಂದೆ, ಅಮ್ಮನದು ಅಲ್ಲವೇ.

ನೇರವಾಗಿ ಹೇಳುತ್ತೇನೆ. ಆ ಭಾನುವಾರದ್ದು ನನಗೆ ಸಿಟ್ಟಿಲ್ಲ. ನೀನು ನಿನ್ನ ಕೆಲಸ ಮಾಡಿದೆ. ಎದುರಿಗೆ ನಿಂತವನ ಕೈ ಓದುವುದು, ಕಾಲು ಓದುವುದು, ಉಸಿರು ಓದುವುದು, ಅದಕ್ಕೇ ನಿನಗೆ ಸಂಬಳ ಕೊಡುತ್ತಿದ್ದರು. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ಪರದೆಗೆ ಬೆರಳಿಡುತ್ತಿದ್ದೆ. ಹದಿನೈದನೇ ವಯಸ್ಸಿನಲ್ಲಿ ಹೇಳದೆ ಇದ್ದದ್ದು ಮಾತ್ರ ಬೇರೆ. ಅದನ್ನೂ ಒಂದಲ್ಲ ಒಂದು ದಿನ ಹೊಟ್ಟೆಗೆ ಹಾಕಿಕೊಂಡೇನು. ಹದಿನೈದರಲ್ಲಿ ಯಾರಿಗೆ ಬುದ್ಧಿ ಇರುತ್ತದೆ? ನಾನೂ ನಿನ್ನ ಸೈಕಲ್ ಕೆರೆಗೆ ತಳ್ಳಿ ಕಳ್ಳರು ಒಯ್ದರು ಅಂದಿದ್ದೆ.

ಆದರೆ ನನಗೆ ಒಂದು ಅರ್ಥವಾಗುತ್ತಿಲ್ಲ, ಏಳು ವಾರದಿಂದ ಅದನ್ನೇ ಯೋಚಿಸುತ್ತಿದ್ದೇನೆ. ಹಾಗಾದರೆ ಕೋಚ್ ಏನೂ ಮಾಡಿರಲಿಲ್ಲ. ಹಾಗಿದ್ದರೆ ಅವರು ಯಾಕೆ ಒಪ್ಪಿಕೊಂಡರು?

ಆ ಪರೀಕ್ಷೆಯಿಂದ ಊರಿಗೆ ಬಂದ ಮೇಲೆ ನಡೆದದ್ದು ಹೀಗೆ. ಚರ್ಚಿನ ಮುಂದೆ, ಗಾಡಿ ನಿಲ್ಲಿಸುವ ಜಾಗದಲ್ಲಿ, ಹತ್ತು ಜನರ ಎದುರಿಗೆ ಅವರನ್ನು ತಡೆದು, “ನನ್ನ ಕೈ ವಿಷಯ ಅವ್ರಿಗೆ ಹೇಳಿದ್ದು ನೀವೇ ತಾನೇ?” ಎಂದು ಕೂಗಾಡಿದೆ. ಅವರು ಕಣ್ಣು ಕಣ್ಣು ಬಿಟ್ಟರು. “ನಾನಾ? ಇಲ್ಲಪ್ಪ. ಇಲ್ಲ ಅನ್ಸುತ್ತೆ. ತಡಿ ಮಗಾ, ಯೋಚ್ನೆ ಮಾಡ್ತೀನಿ” ಅಂದರು. ಅದು ಭಾನುವಾರ. ಸೋಮವಾರ ಸಂಜೆ ನನ್ನ ಬಾಗಿಲಲ್ಲಿ ನಿಂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. “ನಾನೇ ಇರ್ಬೇಕು ವೆಂಡೆಲ್. ಬಾಯಿ ತಪ್ಪಿ ಅಂದಿರ್ಬೇಕು. ನನ್ನ ಕ್ಷಮಿಸು” ಅಂದರು. ಒಳಗೆ ಕರೆಯಲಿಲ್ಲ. ಬಾಗಿಲು ಹಾಕಿದೆ.

ಭಾನುವಾರ ಇಲ್ಲ ಅಂದವರು ಸೋಮವಾರ ಹೌದು ಅಂದದ್ದು ಹೇಗೆ? ನಿನಗೇನಾದರೂ ಗೊತ್ತಿದ್ದರೆ ಬರೆ.

ವೆಂಡೆಲ್

*

ಹ್ಯೂಸ್ಟನ್
ಗುರುವಾರ, 22 ಜೂನ್ 2023

ಪ್ರೀತಿಯ ವೆಂಡೆಲ್,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನೀನು ಇಷ್ಟು ದೊಡ್ಡ ಮನಸ್ಸು ಮಾಡುತ್ತೀಯ ಎಂದುಕೊಂಡಿರಲಿಲ್ಲ. ಸೈಕಲ್ಲಿನ ವಿಷಯ ಓದಿ ನಗು ಬಂತು. ಅದು ನೀನೇ ಎಂದು ಗೊತ್ತಿತ್ತು.

ಇಲ್ಲಿ ವಿಪರೀತ ಸೆಖೆ. ಎಡ ಭುಜಕ್ಕೆ ಮತ್ತೆ ಆಪರೇಷನ್ ಆಗಬೇಕಂತೆ, ಇದು ನಾಲ್ಕನೆಯದು. ಬೆಳಿಗ್ಗೆ ಅಂಗಿ ತೊಡಲು ಹತ್ತು ನಿಮಿಷ ಬೇಕು. ಹೈದರಾಬಾದಿನ ಡಾಕ್ಟರೊಬ್ಬರು ನೋಡುತ್ತಾರೆ, ಒಳ್ಳೆಯ ಮನುಷ್ಯ, ನನ್ನ ಆಟ ಟಿವಿಯಲ್ಲಿ ನೋಡಿದ್ದರಂತೆ. ಪೀಚ್ ಹಣ್ಣು ಈ ಸಲ ಚೆನ್ನಾಗಿವೆ. ಒಂದು ಬುಟ್ಟಿ ಕಳಿಸುತ್ತೇನೆ.

ಕೋಚ್ ಯಾಕೆ ಹಾಗೆ ಅಂದರೋ ನನಗೂ ತಿಳಿಯದು. ವಯಸ್ಸಾಗಿತ್ತು, ಪಾಪ. ಮರೆವು ಇದ್ದಿರಬೇಕು.

ಅಕ್ಟೋಬರಿನಲ್ಲಿ ನಾನು ಯಾವ ಸೂಟು ಹಾಕಿಕೊಳ್ಳಲಿ, ನೀಲಿಯೋ ಬೂದಿಯೋ?

ನಿನ್ನ
ಓರಿನ್

*

ಲಾರ್ಕಿನ್
1 ಜುಲೈ 2023

ಕೋಚ್‌ಗೆ ಆಗ ಅರವತ್ತೊಂದು. ನಮ್ಮ ಒಂದೊಂದು ಪಂದ್ಯದ ಒಂದೊಂದು ಆಟವನ್ನೂ ಬಾಯಿಪಾಠ ಹೇಳುತ್ತಿದ್ದರು. ಮರೆವಂತೆ.

ನಿನ್ನ ಪೀಚ್ ಹಣ್ಣು ಬೇಡ. ಇಷ್ಟು ದೂರದಿಂದಲೂ ನಿನ್ನ ಕೈ ನನಗೆ ಕಾಣುತ್ತಿದೆ ಓರಿನ್. ಸರಿಯಾಗಿ ಬರೆ.

ವೆ.

*

ಹ್ಯೂಸ್ಟನ್
ಗುರುವಾರ, 13 ಜುಲೈ 2023

ವೆಂಡೆಲ್,

ನೀನು ಚರ್ಚಿನ ಮುಂದೆ ತಡೆದ ಆ ಭಾನುವಾರ ಸಂಜೆ ಕೋಚ್ ನನಗೆ ಫೋನ್ ಮಾಡಿದ್ದರು.

ನವೆಂಬರಿನ ಆ ಪಂದ್ಯದ ವಾರ ಅವರನ್ನು ಕರೆಸಿದವನು ನಾನೇ. ಟಿಕೆಟ್ ಕಳಿಸಿದ್ದೆ. ಅವರು ವಿಮಾನ ಹತ್ತಿದ್ದು ಅದೇ ಮೊದಲು, ಹಿಮ ನೋಡಿದ್ದೂ ಅದೇ ಮೊದಲು. ಗುರುವಾರ ಮಧ್ಯಾಹ್ನ ಬಂದಿಳಿದರು. ನಾನು ಪರದೆಗೆ ಬೆರಳಿಟ್ಟದ್ದು ಬುಧವಾರ ಬೆಳಿಗ್ಗೆ. ಇದನ್ನು ಎರಡು ಸಲ ಓದು. ಅವರು ಬರುವ ಒಂದು ದಿನ ಮುಂಚೆ ಎಲ್ಲ ಮುಗಿದುಹೋಗಿತ್ತು. ಶುಕ್ರವಾರ ಬೆಳಿಗ್ಗೆ ನಮ್ಮ ಊಟದ ಕೋಣೆಯಲ್ಲಿ ಲೈನ್ ಕೋಚಿನ ಜೊತೆ ಕೂತು ಮೊಟ್ಟೆ ತಿನ್ನುತ್ತ ಒಂದು ಗಂಟೆ ನಮ್ಮಿಬ್ಬರ ಕತೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ. ನಿನ್ನ ಕೈಯ ವಿಷಯ ಒಂದೇ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ನೀನು ಹೆಗಲ ಮೇಲೆ ಕರು ಹೊತ್ತು ತಂದ ಕತೆ ಹೇಳಿದರು. ನಿನ್ನ ಅಮ್ಮನ ಕೇಕಿನ ಕತೆ ಹೇಳಿದರು.

ಫೋನಿನಲ್ಲಿ ಅವರ ದನಿ ಅವರದ್ದಾಗಿರಲಿಲ್ಲ. “ಓರಿನ್, ಒಂದು ಮಾತು ಕೇಳ್ತೀನಿ, ನಿಜ ಹೇಳು. ಅವತ್ತು ಮೊಟ್ಟೆ ತಿನ್ನೋವಾಗ ಹುಡುಗನ ಕೈ ವಿಷಯ ನಾನೇನಾದ್ರೂ ಅಂದ್ನಾ? ನೆನಪಿಸ್ಕೊಂಡು ನೆನಪಿಸ್ಕೊಂಡು ಸಾಕಾಯ್ತು. ನಾನು ಮಾತಾಡೋಕೆ ಶುರು ಮಾಡಿದ್ರೆ ಏನೇನು ಅಂತೀನೋ ನನಗೇ ಗೊತ್ತಾಗಲ್ಲ. ನೀನು ಅಲ್ಲೇ ಇದ್ಯಲ್ಲ.”

‘ಇಲ್ಲ ಕೋಚ್, ನಾನು ಹೇಳಿದ್ದು’ ಅನ್ನಬೇಕಿತ್ತು. ನಾಲ್ಕು ಪದ. ನಾನು ಹೆದರಿದೆ. ಊರಲ್ಲಿ ಹೇಗೆ ಮುಖ ತೋರಿಸಲಿ, ನಿನ್ನ ಅಮ್ಮ ಏನನ್ನುತ್ತಾರೆ, ನೀನು ಏನು ಮಾಡುತ್ತೀಯ ಎಂದು ಹೆದರಿದೆ. ನನ್ನನ್ನು ನೋಡಿ ಮುನ್ನೂರು ಪೌಂಡ್ ತೂಕದ ಆಟಗಾರರು ಹೆದರುತ್ತಿದ್ದರು. ನಾನು ವಯಸ್ಸಾದವರೊಬ್ಬರ ಪ್ರಶ್ನೆಗೆ ಹೆದರಿದೆ.

“ಅಂದಿರ್ಬಹುದು ಕೋಚ್” ಅಂದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಸಮಾಧಾನ ಬೇರೆ ಹೇಳಿದೆ. “ನೀವೇನು ಬೇಕಂತ ಅಂದಿದ್ದಲ್ಲ ಬಿಡಿ, ಮನಸ್ಸಿಗೆ ಹಚ್ಕೋಬೇಡಿ” ಅಂದೆ. “ನಿಜ ಹೇಳಿದ್ಯಲ್ಲ, ಒಳ್ಳೇದಾಯ್ತು ಮಗಾ” ಅಂದರು. ನನಗೆ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

ಆ ಬೇಸಿಗೆಯಲ್ಲಿ ಅವರು ಕೋಚ್ ಕೆಲಸ ಬಿಟ್ಟರು. ಮೊಣಕಾಲು ನೋವು ಅಂದರು. ಹನ್ನೆರಡು ವರ್ಷ, ಪ್ರತಿ ಕ್ರಿಸ್‌ಮಸ್‌ಗೆ ಅವರನ್ನು ನೋಡಲು ಹೋಗುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳುತ್ತೇನೆ ಎಂದುಕೊಂಡು ಹೋಗಿ, ಕೇಕ್ ತಿಂದು ಬರುತ್ತಿದ್ದೆ. ಫೆಬ್ರುವರಿಯಲ್ಲಿ ಅವರು ಹೋದರು. ನಿನ್ನ ಬದುಕು ಕೆಡಿಸಿದವನು ತಾನೇ ಎಂದು ನಂಬಿಕೊಂಡೇ ಹೋದರು.

ಇದನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನನ್ನಂಥ ನಾಚಿಕೆಗೆಟ್ಟವನು ಇನ್ನೊಬ್ಬನಿಲ್ಲ.

ಓರಿನ್

*

ಲಾರ್ಕಿನ್
30 ಆಗಸ್ಟ್ 2023

ಓರಿನ್ ಬ್ಯಾಟಿಸ್ಟ್‌ಗೆ,

ನಾಲ್ಕು ಕಾಗದ ಬರೆದು ಹರಿದೆ. ಅವುಗಳಲ್ಲಿ ಬರೆದಿದ್ದದ್ದನ್ನು ಅಮ್ಮ ಓದಿದ್ದರೆ ಈ ವಯಸ್ಸಿನಲ್ಲೂ ನನ್ನ ಬಾಯಿಗೆ ಸೋಪು ಹಾಕಿ ತೊಳೆಯುತ್ತಿದ್ದಳು.

ನನಗೆ ಮಾಡಿದ್ದನ್ನು ನಾನು ನೋಡಿಕೊಳ್ಳುತ್ತೇನೆ. ಇದು ನನಗೆ ಮಾಡಿದ್ದಲ್ಲ, ಆದ್ದರಿಂದ ಇದನ್ನು ಕ್ಷಮಿಸುವುದೂ ಬಿಡುವುದೂ ನನ್ನ ಕೈಯಲ್ಲಿಲ್ಲ. ಮಿಸ್ ವರ್ಲೀನ್ ಈಗಲೂ ತಮ್ಮ ಗಂಡನೇ ತಪ್ಪು ಮಾಡಿದ್ದು ಎಂದುಕೊಂಡಿದ್ದಾರೆ. ಅಂಗಡಿಯಲ್ಲಿ ನನ್ನನ್ನು ಕಂಡರೆ ಕಣ್ಣು ತಗ್ಗಿಸುತ್ತಾರೆ. ನನ್ನನ್ನು ಕಂಡು ಅವರು ಕಣ್ಣು ತಗ್ಗಿಸುವುದೇ?

ಅವರ ಮನೆಗೆ ಹೋಗು. ಕಾಗದ ಬರೆಯಬೇಡ, ಫೋನ್ ಮಾಡಬೇಡ. ಅವರ ಅಡುಗೆಮನೆಯ ಮೇಜಿನ ಮುಂದೆ ಕೂತು, ಅವರ ಮುಖ ನೋಡಿಕೊಂಡು ಹೇಳು. ಹೇಳಿದ ಮೇಲೆ ನನಗೆ ಬರೆ. ಹೇಳದಿದ್ದರೆ ಬರೆಯಬೇಡ.

ವೆಂಡೆಲ್ ಗಿಲ್ರಿ

*

ಹ್ಯೂಸ್ಟನ್
ಗುರುವಾರ, 21 ಸೆಪ್ಟೆಂಬರ್ 2023

ವೆಂಡೆಲ್,

ಸೋಮವಾರ ಹೋಗಿದ್ದೆ.

ಸೋಮವಾರವಾದ್ದರಿಂದ ಆ ಮನೆಯ ರೂಢಿಯಂತೆ ಕೆಂಪು ಬೀನ್ಸ್ ಬೇಯುತ್ತಿತ್ತು. ನನ್ನನ್ನು ಕಂಡು ಮಿಸ್ ವರ್ಲೀನ್, “ಬಂದ್ಯಾ, ಕೈ ತೊಳ್ಕೊ” ಅಂದರು, ನಾನು ಇನ್ನೂ ಹದಿನಾರರ ಹುಡುಗನೇನೋ ಎಂಬಂತೆ. ಅನ್ನ ಹಾಕಿ, ಮೇಲೆ ಬೀನ್ಸ್ ಸುರಿದು, ಒಂದು ಸಾಸೇಜು ಇಟ್ಟು ತಟ್ಟೆಯನ್ನು ನನ್ನ ಮುಂದೆ ತಳ್ಳಿದರು. ಕೋಚ್ ಕೂರುತ್ತಿದ್ದ ಕುರ್ಚಿಯ ಬೆನ್ನಿಗೆ ಅವರ ಟೋಪಿ ಇನ್ನೂ ನೇತಾಡುತ್ತಿದೆ.

ತಿನ್ನುವ ಮುಂಚೆಯೇ ಹೇಳಿದೆ. ಬುಧವಾರದ್ದು, ಮೊಟ್ಟೆ ತಿಂದದ್ದು, ಫೋನು, ಎಲ್ಲ. ಅವರು ಎದ್ದು ಒಲೆ ಆರಿಸಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ನಿನಗೆ ಗೊತ್ತಾ ಓರಿನ್,” ಅಂದರು, “ಅವ್ರು ಆಮೇಲೆ ನನ್ನ ಹತ್ರಾನೂ ಹುಷಾರಾಗಿ ಮಾತಾಡೋರು. ಒಂದು ಕತೆ ಶುರು ಮಾಡೋರು, ಅರ್ಧಕ್ಕೆ ನಿಲ್ಲಿಸಿಬಿಡೋರು. ‘ಯಾಕೆ ನಿಲ್ಲಿಸಿದ್ರಿ, ಹೇಳಿ’ ಅಂದ್ರೆ, ‘ಬೇಡ ವರ್ಲೀನ್, ನನ್ನ ಬಾಯಿ ಒಂದು ಮಗು ಬದುಕು ಹಾಳು ಮಾಡ್ತು’ ಅನ್ನೋರು. ಮೂವತ್ತು ವರ್ಷ ಬಾಯಿ ಮುಚ್ರೀ ಅಂತ ಬೈದಿದ್ದೆ ನಾನು. ಆಮೇಲೆ ಹನ್ನೆರಡು ವರ್ಷ ಈ ಮನೇಲಿ ಗಡಿಯಾರ ಬಿಟ್ರೆ ಸದ್ದೇ ಇರ್ಲಿಲ್ಲ. ಮೈದಾನಕ್ಕೆ ಅವ್ರ ಹೆಸ್ರು ಇಡ್ತೀವಿ ಅಂತ ಶಾಲೆಯೋರು ಎರಡು ಸಲ ಬಂದ್ರು. ಬೇಡ ಅಂತ ಕೈ ಮುಗಿದು ಕಳ್ಸಿದ್ರು.”

ಏಳಲು ಹೋದೆ. “ಎಲ್ಲಿಗೆ?” ಅಂದರು. “ತಟ್ಟೆಗೆ ಹಾಕಿದ್ದನ್ನ ಈ ಮನೇಲಿ ಚೆಲ್ಲಲ್ಲ. ತಿಂದು ಹೋಗು.”

ತಿಂದೆ ವೆಂಡೆಲ್. ಅವರು ಎದುರು ಕೂತು ನೋಡುತ್ತಿದ್ದರು, ಕೊನೆಯ ಕಾಳಿನವರೆಗೂ. ಮೂರು ಸಲ ಭುಜ ಕೊಯ್ಯಿಸಿಕೊಂಡವನು ನಾನು, ಅಂಥ ನೋವು ಯಾವತ್ತೂ ಕಂಡಿರಲಿಲ್ಲ.

ಬಾಗಿಲ ತನಕ ಬಂದು ಹೇಳಿದರು: “ವೆಂಡೆಲ್ ಅವ್ರನ್ನ ಚರ್ಚ್ ಮುಂದೆ ಜನರೆದುರಿಗೆ ಕೇಳ್ದ. ಊರಿಗೆಲ್ಲ ಅದೇ ಗೊತ್ತು. ನಿನ್ನ ಕೈಗೆ ಮೈಕ್ ಕೊಡ್ತಾರಲ್ಲ, ಆ ಊರಿಗೇ ಹೇಳು. ಆಮೇಲೆ ನಿನ್ನ ಅಂಗಿ ತೂಗುಹಾಕ್ತಾರೋ ಬಿಡ್ತಾರೋ, ಅದು ಅವ್ರಿಗೆ ಬಿಟ್ಟಿದ್ದು.”

ಅಕ್ಟೋಬರ್ ಆರನೇ ತಾರೀಕು ಶುಕ್ರವಾರ ಆ ಪಂದ್ಯ. ನನ್ನನ್ನು ಕರೆದು ನಿಲ್ಲಿಸು ಎಂದು ಈಗ ನಿನ್ನನ್ನು ಕೇಳುವ ಮುಖ ನನಗಿಲ್ಲ. ನಾನೇ ನಡೆದುಕೊಂಡು ಬರುತ್ತೇನೆ. ಬರುತ್ತೇನೆ ಎಂದು ಬರೆಯುತ್ತಿದ್ದೇನೆ, ಆದರೆ ‘ಹೇಳ್ತೀನಿ ಕೋಚ್’ ಅಂದವನೂ ನಾನೇ. ನನ್ನ ಮಾತನ್ನು ನಾನೇ ನಂಬುತ್ತಿಲ್ಲ.

ಓರಿನ್

*

ಲಾರ್ಕಿನ್
ಗುರುವಾರ, 12 ಅಕ್ಟೋಬರ್ 2023

ಓರಿನ್,

ಇವತ್ತು ಗುರುವಾರ. ಹುಡುಗರಿಗೆ ಹಾಳೆ ಕೊಟ್ಟು ಬರೆಯಲು ಕೂರಿಸಿದ್ದೇನೆ. ನಾನೂ ಅವರ ಬೆಂಚಿನ ಮೇಲೇ ಕೂತಿದ್ದೇನೆ. ಕೋಚ್ ಕೆಲಸ ಬಿಟ್ಟ ಮೇಲೆ ಈ ಪದ್ಧತಿ ನಿಂತುಹೋಗಿತ್ತು. “ಏನು ಬರೀಬೇಕು?” ಎಂದು ಕೇಳುತ್ತಾರೆ. ಬಾಯಲ್ಲಿ ಹೇಳೋಕೆ ನಾಚ್ಕೆ ಆಗೋದನ್ನ ಅಂದೆ.

ಹೋದ ಶುಕ್ರವಾರ ನಾನು ನಿನ್ನನ್ನು ಕರೆದದ್ದು ಮಿಸ್ ವರ್ಲೀನ್ ಹೇಳಿದರು ಎಂದು. ನಿನ್ನ ಹೆಸರು, ನಂಬರು, ಅಷ್ಟೇ ಹೇಳಿ ಬದಿಗೆ ಸರಿದೆ. ನಿನ್ನ ಬಗ್ಗೆ ಒಳ್ಳೆಯ ಮಾತಾಡಲು ನಾಲಿಗೆ ಬರಲಿಲ್ಲ, ಕೆಟ್ಟದ್ದನ್ನು ನೀನೇ ಆಡಲಿ ಎಂದು ಬಿಟ್ಟೆ. ನೀನು ಬಂದು ನಿಂತೆ. ಬೂದಿ ಬಣ್ಣದ ಸೂಟು. ಮೊದಲ ಒಂದು ನಿಮಿಷ ಬ್ಯಾಂಡಿನವರಿಗೆ, ಶಾಲೆಯವರಿಗೆ ವಂದನೆ ಹೇಳಿದೆ. ನನ್ನ ಹಿಂದೆ ಅಮ್ಮ, “ಇವ್ನು ಹೇಳಲ್ಲ” ಅಂದಳು. ನಾನು ನಿನ್ನ ಕೈ ನೋಡಿದೆ. ಮೈಕಿನ ಕಂಬವನ್ನು ಎಡಗೈಯಲ್ಲಿ ಹಿಡಿದಿದ್ದೆ. ಉಗುರುಗಳು ಬೆಳ್ಳಗಾಗಿದ್ದವು, ಐದೂ. “ಹೇಳ್ತಾನೆ ಅಮ್ಮ,” ಅಂದೆ, “ಮುಂದಕ್ಕೇ ಬರ್ತಿದ್ದಾನೆ.”

ನೀನು ಹೇಳಿ ಮುಗಿಸಿದ ಮೇಲೆ ಚಪ್ಪಾಳೆ ಇರಲಿಲ್ಲ, ಬೈಗುಳವೂ ಹೆಚ್ಚೇನಿರಲಿಲ್ಲ. ಮೇಲಿನ ಸಾಲಿನಲ್ಲಿ ಒಬ್ಬ ಏನೋ ಕೂಗಿದ, ಅವನ ಹೆಂಡತಿಯೇ ಅವನನ್ನು ಕೂರಿಸಿದಳು. ಆಮೇಲೆ ನಮ್ಮ ಕಾಲದ ಹುಡುಗರು ಒಬ್ಬೊಬ್ಬರಾಗಿ ಮಿಸ್ ವರ್ಲೀನ್ ಇದ್ದಲ್ಲಿಗೆ ಹೋಗಿ ಟೋಪಿ ತೆಗೆದರು. ನೀನು ಅಷ್ಟರಲ್ಲಿ ಹೋಗಿಬಿಟ್ಟಿದ್ದೆ. ನಿನ್ನ ಅಂಗಿಯನ್ನು ಏನು ಮಾಡಬೇಕೆಂದು ಶಾಲೆಯವರಿಗೆ ತೋಚುತ್ತಿಲ್ಲ. ಸದ್ಯಕ್ಕೆ ನನ್ನ ಗಾಡಿಯ ಹಿಂದಿನ ಸೀಟಿನಲ್ಲಿದೆ. ಮೈದಾನಕ್ಕೆ ಕೋಚ್ ಹೆಸರಿಡುವ ಅರ್ಜಿಗೆ ಮೊದಲ ಸಹಿ ನನ್ನಮ್ಮನದು.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಇನ್ನೂ ಆಗಿಲ್ಲ.

ನಿನ್ನೆ ಅಂಜೂರದ ಬಾಟಲಿಗಳನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಮಿಸ್ ವರ್ಲೀನ್ ಮನೆಗೆ ಹೋದೆ. ಹನ್ನೆರಡು ಇದ್ದವು. ಮುಚ್ಚಳದ ಮೇಲೆ ಒಂದೊಂದರಲ್ಲೂ ಇಸವಿ ಬರೆದಿತ್ತು, ಕೋಚ್ ಕೈಬರಹ. ಮಾಡುತ್ತಿದ್ದವರೂ ಅವರೇ ಅಂತೆ, ನಾನು ಮಿಸ್ ವರ್ಲೀನ್ ಅಂದುಕೊಂಡಿದ್ದೆ. ಒಂದನ್ನು ತೆರೆದು ಇಬ್ಬರೂ ಬಿಸ್ಕತ್ತಿಗೆ ಹಚ್ಚಿ ತಿಂದೆವು.

ನಿನ್ನದನ್ನು ನೀನು ಮೈಕಿನಲ್ಲಿ ಹೇಳಿದೆ. ನನ್ನದನ್ನು ನಿನಗೆ ಹೇಳುತ್ತಿದ್ದೇನೆ, ಬೇರೆ ಯಾರಿಗೆ ಹೇಳಲಿ? ಆ ಸೋಮವಾರ ಅವರು ನನ್ನ ಬಾಗಿಲಲ್ಲಿ ಟೋಪಿ ಹಿಡಿದು ನಿಂತಾಗ ನಾನು ಅವರ ಕೈ ನೋಡಿದ್ದೆ. ನನ್ನ ಕೈಯನ್ನು ಊರೆಲ್ಲ ಓದಿತಲ್ಲ ಎಂದು ಎಷ್ಟು ಉರಿದಿದ್ದೆ. ಟೋಪಿಯ ಅಂಚಿನ ಮೇಲೆ ಅವರ ಬೆರಳು ಸುಮ್ಮನೆ ಇದ್ದವು, ಒಂದಿಷ್ಟೂ ಬಿಗಿಯಿಲ್ಲದೆ. ಯಾವುದನ್ನೂ ಮುಚ್ಚಿಟ್ಟುಕೊಳ್ಳದವರ ಕೈ ಅದು. ನನ್ನ ಕಣ್ಣೆದುರಿಗೇ ಇತ್ತು. ನಾನು ಓದಲಿಲ್ಲ, ಬಾಗಿಲು ಹಾಕಿದೆ.

ವೆಂಡೆಲ್